ಹಿಂದಿನ ಸೀಟಿನ ಬೆಲ್ಟ್ ಕೈಗೆ ಸಿಗಲಿ

ಮಾನ್ಯ ಸಂಪಾದಕರೇ,

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಬಾಡಿಗೆ ಕಾರು ಹತ್ತಲೇಬೇಕು. ಕುಮಟಾ, ಹೊನ್ನಾವರದವರು ಮಣಿಪಾಲಕ್ಕೆ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ, ಕಾರವಾರದವರು ಗೋವಾಕ್ಕೆ. ರೋಗಿ, ಮುದುಕರು, ಮಕ್ಕಳು ಎಲ್ಲ ಕೂರುವುದು ಹಿಂದೆ. ಆ ಹಿಂದಿನ ಸೀಟಿನ ಬೆಲ್ಟ್ ಬಗ್ಗೆಯೇ ಈ ಪತ್ರ.

ಹಿಂದೆ ಕೂತವರೂ ಬೆಲ್ಟ್ ಹಾಕಬೇಕು ಅನ್ನುವುದು ಹೊಸ ಕಾನೂನೇನಲ್ಲ. ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಲ್ಲಿ 1,000 ರೂಪಾಯಿ ದಂಡವಿದೆ. 2022ರ ಸೆಪ್ಟೆಂಬರ್‌ನಲ್ಲಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಅಪಘಾತದಲ್ಲಿ ತೀರಿಕೊಂಡಾಗ ಎಲ್ಲರ ಬಾಯಲ್ಲೂ ಇದೇ ಮಾತಿತ್ತು. ಆಮೇಲೆ ತಣ್ಣಗಾಯಿತು.

ಹಾಕೋಣ ಅಂದರೂ ಬೆಲ್ಟ್ ಸಿಕ್ಕಿಸುವ ಬಕಲ್ ಸಿಗಬೇಕಲ್ಲ! ಕಾರು ತಂದ ವಾರದಲ್ಲೇ ರೆಕ್ಸಿನ್ ಕವರ್ ಹೊಲಿಸುತ್ತಾರೆ. ಹಿಂದಿನ ಸೀಟಿಗೆ ಉದ್ದಕ್ಕೆ ಒಂದೇ ಕವರ್, ಬಕಲ್ ಅದರಡಿಗೆ. ಮೊನ್ನೆ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು ಬಂದ ಟ್ಯಾಕ್ಸಿಯಲ್ಲೂ ಹಾಗೇ. ಸೀಟಿನ ಸಂದಿಗೆ ಕೈ ಹಾಕಿದರೆ ಶೇಂಗಾ ಸಿಪ್ಪೆ ಸಿಕ್ಕಿತು, ಬಕಲ್ ಸಿಗಲಿಲ್ಲ. ಬೆಲ್ಟ್ ಎಳೆದರೆ ಅರ್ಧಕ್ಕೇ ನಿಂತಿತು, ಬಿಟ್ಟರೆ ಒಳಗೂ ಹೋಗಲಿಲ್ಲ. ಪಟ್ಟಿಯ ತುಂಬ ಬಿಳಿ ಬೂಷ್ಟು. "ಹಿಂದೆ ಕೂತವ್ರಿಗೆ ಎಂತಕ್ಕೆ ಬೆಲ್ಟು ಮಾರಾಯ್ರೆ? ಪೊಲೀಸ್ರು ಮುಂದಿಂದೇ ನೋಡೋದು" ಅಂದರು ಚಾಲಕರು. ಪೊಲೀಸರ ವಿಷಯದಲ್ಲಿ ಅವರ ಮಾತು ಸುಳ್ಳಲ್ಲ ಬಿಡಿ.

ಆದರೆ ಗುದ್ದಿದಾಗ ಹಿಂದೆ ಕೂತವರು ಮುಂದಿನ ಸೀಟಿಗೆ ಬಡಿಯುತ್ತಾರೆ. ಮುಂದೆ ಬೆಲ್ಟ್ ಹಾಕಿ ಕೂತವರಿಗೂ ಅದರಿಂದ ಅಪಾಯ. ಮಗುವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದಿದ್ದೇವೆ ಅನ್ನುತ್ತಾರೆ. ಆ ಹೊಡೆತಕ್ಕೆ ಯಾರ ಕೈಯೂ ತಡೆಯುವುದಿಲ್ಲ. ಮಗುವಿನ ಮೇಲಿಂದ ತಾವೂ ಸೇರಿ ಒಂದೇ ಬೆಲ್ಟ್ ಹಾಕಿಕೊಳ್ಳುವುದು ಇನ್ನೂ ಕೆಟ್ಟದ್ದು, ದೊಡ್ಡವರ ಭಾರವೆಲ್ಲ ಮಗುವಿನ ಮೇಲೇ ಬೀಳುತ್ತದೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಂತೂ ಮಡಿಲಲ್ಲಿ ಕೂರಿಸಲೇಬಾರದು. ಚೈಲ್ಡ್ ಸೀಟ್ ತಂದರೂ, ಐಸೋಫಿಕ್ಸ್ ಕೊಂಡಿ (ಚೈಲ್ಡ್ ಸೀಟ್ ಸಿಕ್ಕಿಸಲು ಕಾರಿನಲ್ಲೇ ಇರುವ ಕೊಂಡಿ) ಇಲ್ಲದ ಹಳೇ ಕಾರಿನಲ್ಲಿ ಅದನ್ನು ಬಿಗಿಯುವುದು ಇದೇ ಬೆಲ್ಟಿನಿಂದ. ಬಕಲ್ ಕವರಿನಡಿ ಇದ್ದರೆ ಅದೂ ವ್ಯರ್ಥ.

ಬೆಲ್ಟ್ ಹಾಕದಿದ್ದರೆ ಬರುವ ಬೀಪ್ ಶಬ್ದ ನಿಲ್ಲಿಸಲು ಬಕಲ್‌ಗೆ ಸಿಕ್ಕಿಸುವ ಕ್ಲಿಪ್ ಬೇರೆ ಇದೆ. ಅದರ ಆನ್‌ಲೈನ್ ಮಾರಾಟ ನಿಲ್ಲಿಸುವಂತೆ 2023ರಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆದೇಶಿಸಿತ್ತು. ಈಗಲೂ ಅದನ್ನು ಹಾಕಿಕೊಂಡು ಓಡಾಡುವವರಿದ್ದಾರೆ.

ಕವರ್ ಹೊಲಿಯುವವರು ಬಕಲ್ ಇರುವಲ್ಲಿ ತೂತು ಬಿಡಲಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಆ ಭಾಗವನ್ನು ಮುಚ್ಚುವ ಕವರ್ ಬೇಡವೇ ಬೇಡ. ನಮ್ಮ ಮಳೆಗಾಲಕ್ಕೆ ಬೆಲ್ಟ್ ಬೂಷ್ಟು ಹಿಡಿಯುವುದು ಸಹಜ. ಪೂರ್ತಿ ಎಳೆದು, ಸೋಪಿನ ನೀರಲ್ಲಿ ಒರೆಸಿ, ನೆರಳಲ್ಲಿ ಒಣಗಿಸಬೇಕು. ಆಗಲೂ ಸಿಕ್ಕಿಕೊಂಡರೆ ಬದಲಿಸಬೇಕು.

ಕಾರವಾರ, ಶಿರಸಿ, ಹೊನ್ನಾವರ, ದಾಂಡೇಲಿ ಆರ್‌ಟಿಒ ಕಚೇರಿಗಳಿಗೆ ನನ್ನದೊಂದು ಕೋರಿಕೆ. ಹಳದಿ ಬೋರ್ಡಿನ ಬಾಡಿಗೆ ಕಾರು ಎಫ್‌ಸಿಗೆ (ಓಡಾಟಕ್ಕೆ ಯೋಗ್ಯವೇ ಅನ್ನುವ ತಪಾಸಣೆಗೆ) ಬಂದಾಗ ಹಿಂದಿನ ಬಾಗಿಲನ್ನೂ ತೆಗೆಯಿರಿ. ಪ್ರತಿ ಬೆಲ್ಟನ್ನೂ ಎಳೆದು ಬಕಲ್‌ಗೆ ಹಾಕಿ ನೋಡಿ, ಎರಡು ನಿಮಿಷದ ಕೆಲಸ. ಬಕಲ್ ಸಿಗದಿದ್ದರೆ ಕವರ್ ಬಿಚ್ಚಿಸಿಕೊಂಡು ಬರಲು ಹೇಳಿ ವಾಪಸ್ ಕಳಿಸಿ.

ಇತಿ,
ಒಬ್ಬ ಓದುಗ, ಕುಮಟಾ