ಮಾತ್ರೆ ತಪ್ಪಿಸಿದ್ದು ನನ್ನ ತಮ್ಮನಲ್ಲ, ಸರ್

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನನ್ನ ತಮ್ಮನಿಗೆ ಎಂಡಿಆರ್ ಟಿಬಿ, ಅಂದರೆ ಮುಖ್ಯ ಔಷಧಿಗಳಿಗೆ ಬಗ್ಗದ ಕ್ಷಯ. ಟಿಬಿಗೆ ಮೊದಲು ಕೊಡುವ ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಅವನ ಕಾಯಿಲೆ ಬಗ್ಗಲಿಲ್ಲ. ಹಾಗಾಗಿ ಈಗ ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಎಂಬ ನಾಲ್ಕು ಔಷಧಿಗಳ ಆರು ತಿಂಗಳ ಕೋರ್ಸ್ ನಡೆಯುತ್ತಿದೆ. ಕೇಂದ್ರ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟ ಕೋರ್ಸ್ ಇದು. ಇದರ ನಿಯಮಗಳೆಲ್ಲ ನಿಮಗೆ ಗೊತ್ತೇ ಇವೆ. ನಾನು ಕೇಳುವುದು ಒಂದೇ. ಕೈಯಲ್ಲಿರುವ ಮಾತ್ರೆ ಮುಗಿಯುವ ಮೊದಲೇ ಮುಂದಿನ ತಿಂಗಳ ಮಾತ್ರೆ ನಮ್ಮ ಕೈಗೆ ಬರಬೇಕು.

ಬೆಡಾಕ್ವಿಲಿನ್ ಮೊದಲ ಎರಡು ವಾರ ದಿನಕ್ಕೆ ನಾಲ್ಕು ಮಾತ್ರೆ. ಆಮೇಲೆ ವಾರಕ್ಕೆ ಮೂರು ದಿನ, ಎರಡೆರಡು. ನಮ್ಮಮ್ಮ ಓದಿದವರಲ್ಲ. ಗೋಡೆಯ ಕ್ಯಾಲೆಂಡರ್‌ನಲ್ಲಿ ಸೋಮವಾರ, ಬುಧವಾರ, ಶುಕ್ರವಾರಕ್ಕೆ ಕುಂಕುಮದ ಬೊಟ್ಟು ಇಡುತ್ತಾರೆ. ಅವನು ಊಟ ಮಾಡಿ ಮಾತ್ರೆ ನುಂಗಿದ ಮೇಲೆ ಬೊಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಗೀಟು. ಹೋದ ತಿಂಗಳು ನಾಲ್ಕು ಬೊಟ್ಟುಗಳ ಮೇಲೆ ಗೀಟಿಲ್ಲ.

ಯಾಕೆ ಅಂತ ಹೇಳುತ್ತೇನೆ. ನಮ್ಮೂರಿನಿಂದ ಎರಡು ಬಸ್ಸು ಹತ್ತಿ ಮಾತ್ರೆ ತರಲು ಹೋದೆ. ಕೌಂಟರ್‌ನಲ್ಲಿದ್ದವರು "ಬೆಡಾಕ್ವಿಲಿನ್ ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಎಂದರು. ಅಲ್ಲಿವರೆಗೆ ಏನು ಮಾಡೋದು ಎಂದು ಕೇಳಿದೆ. "ಉಳಿದ ಮೂರು ಇವೆಯಲ್ಲ, ಅವನ್ನೇ ನುಂಗ್ತಾ ಇರಲಿ" ಅಂದರು. ಒಂದು ಔಷಧಿ ಬಿಟ್ಟರೆ ಉಳಿದವಕ್ಕೂ ಕಾಯಿಲೆ ಜಗ್ಗದೆ ಹೋಗಬಹುದು ಅಂತ ಕೋರ್ಸ್ ಶುರುವಾದ ದಿನ ನಮಗೆ ಹೇಳಿದ್ದು ಇದೇ ವ್ಯವಸ್ಥೆಯವರು, ಸರ್. ಲಿನೆಜೋಲಿಡ್ ಆದರೆ ಹೊರಗೆ ಸಾಲ ಮಾಡಿಯಾದರೂ ತರುತ್ತಿದ್ದೆ. ಬೆಡಾಕ್ವಿಲಿನ್ ಯಾವ ಮೆಡಿಕಲ್ ಶಾಪ್‌ನಲ್ಲೂ ನಮಗೆ ಸಿಗಲಿಲ್ಲ. ಕೇಳಿದ ಕಡೆಯೆಲ್ಲ ಅದನ್ನು ಸರ್ಕಾರವೇ ಕೊಡಬೇಕು ಎಂದರು.

ಒಂಬತ್ತು ದಿನ ಹೀಗೇ ಹೋಯಿತು. ಹತ್ತನೇ ದಿನ ಮಾತ್ರೆ ಬಂತು. ಅದೇ ಸಂಜೆ ಇದೇ ವ್ಯವಸ್ಥೆಯವರಿಂದ ತಮ್ಮನಿಗೆ ಒಂದು ಫೋನ್ ಬಂತು. "ಮಾತ್ರೆ ಸರಿಯಾಗಿ ಯಾಕೆ ನುಂಗ್ತಾ ಇಲ್ಲ? ನಿನ್ನಿಂದ ಮನೆಯವರಿಗೆಲ್ಲ ಹರಡುತ್ತೆ, ಗೊತ್ತಾ?" ಅವನು ಏನೂ ಮಾತಾಡದೆ ಫೋನ್ ನನ್ನ ಕೈಗೆ ಕೊಟ್ಟ. ಮರುದಿನ ನೋಡಿದರೆ ಅವನ ಚಿಕಿತ್ಸೆಯ ಕಾರ್ಡ್‌ನಲ್ಲಿ ಆ ನಾಲ್ಕು ದಿನಕ್ಕೂ ರೋಗಿಯೇ ಮಾತ್ರೆ ತಪ್ಪಿಸಿದ್ದಾನೆ ಎಂದು ಬರೆದಿದ್ದಾರೆ!

ಲಿನೆಜೋಲಿಡ್‌ನಿಂದ ಅವನ ಪಾದ ಜೋಮು ಹಿಡಿದಿದೆ. ನಡೆಯುವಾಗ ಚಪ್ಪಲಿ ಕಳಚಿದ್ದೂ ತಿಳಿಯುವುದಿಲ್ಲ. ಮೊನ್ನೆ ಅಂಗಳದಲ್ಲಿ ಒಂದೇ ಚಪ್ಪಲಿಯಲ್ಲಿ ಅಷ್ಟು ದೂರ ಹೋಗಿದ್ದ. ಅಮ್ಮ ಹಿಂದಿನಿಂದ ಇನ್ನೊಂದನ್ನು ಎತ್ತಿಕೊಂಡು ಹೋಗಿ ಕಾಲಿಗೆ ಹಾಕಿದರು. ಇಷ್ಟಾದರೂ ಒಂದು ದಿನ ಬೇಡ ಅಂದವನಲ್ಲ. ಅಂಥವನ ಮೇಲೆ ತಪ್ಪು ಹೊರಿಸಿದರೆ ನನಗೆ ಸುಮ್ನಿರಲು ಆಗುವುದಿಲ್ಲ.

ತಿಂಗಳಿಗೆ ಸಾವಿರ ರೂಪಾಯಿ ಪೋಷಣೆ ಹಣ ಬರುತ್ತಿದೆ. ಅದರಿಂದ ಮೊಟ್ಟೆ, ಹಾಲು ತರುತ್ತೇವೆ, ಉಪಕಾರವಾಗಿದೆ. ಆದರೆ ಮಾತ್ರೆ ಇಲ್ಲದ ವಾರ ಮೊಟ್ಟೆ ತಿಂದು ಏನು ಪ್ರಯೋಜನ? ಕಫದಲ್ಲಿ ರಿಫಾಂಪಿಸಿನ್‌ಗೆ ಬಗ್ಗದ ಟಿಬಿ ಇದೆಯೇ ಎಂದು ಒಂದೆರಡು ಗಂಟೆಯಲ್ಲಿ ಹೇಳುವ ಟ್ರೂನ್ಯಾಟ್ ಯಂತ್ರವನ್ನು ರೂಪಿಸಿದ್ದು ನಮ್ಮ ಬೆಂಗಳೂರಿನಲ್ಲೇ. ಕಾಯಿಲೆ ಅಷ್ಟು ಬೇಗ ಗೊತ್ತಾದರೂ ಮಾತ್ರೆ ಸಿಗದಿದ್ದರೆ ಏನು ಬಂತು? ಬೆಡಾಕ್ವಿಲಿನ್ನಿನ ಮೂಲ ಪೇಟೆಂಟ್, ಅಂದರೆ ಒಂದೇ ಕಂಪನಿ ಅದನ್ನು ತಯಾರಿಸುವ ಹಕ್ಕು, ಮುಗಿದದ್ದು 2023ರ ಜುಲೈನಲ್ಲಿ. ಪೇಟೆಂಟ್ ಮುಂದುವರಿಸುವ ಕಂಪನಿಯ ಅರ್ಜಿಯನ್ನು ಅದೇ ವರ್ಷ ಮಾರ್ಚ್‌ನಲ್ಲಿ ತಳ್ಳಿಹಾಕಿದರು. ಟಿಬಿಯಿಂದ ಬದುಕಿ ಬಂದ ಇಬ್ಬರು ಹೆಣ್ಣುಮಕ್ಕಳು ತಕರಾರು ಹಾಕಿ ಹೋರಾಡಿದ್ದರು. ಅವರು ಅಷ್ಟು ಕಷ್ಟಪಟ್ಟಿದ್ದು ಮಾತ್ರೆ ಎಲ್ಲರಿಗೂ ಸಿಗಲಿ ಅಂತ ಅಲ್ವಾ? ಇನ್ನೂ ಯಾಕೆ ಸ್ಟಾಕ್ ಇಲ್ಲ, ಸರ್?

ಸ್ಟಾಕ್ ಕಡಿಮೆಯಾಗುತ್ತಿದೆ ಎಂದು ಕೌಂಟರ್‌ನವರಿಗೆ ಮೊದಲೇ ಗೊತ್ತಿರುತ್ತದೆ. ಆಗಲೇ ಪಕ್ಕದ ಜಿಲ್ಲೆಯಿಂದಾದರೂ ತರಿಸಬೇಕು. ಮುಂದಿನ ತಿಂಗಳ ಮಾತ್ರೆ ಮೊದಲೇ ಕೈಗೆ ಬರಬೇಕು. ನನ್ನ ತಮ್ಮನ ಕಾರ್ಡ್ ತಿದ್ದಬೇಕು, ಆ ನಾಲ್ಕು ದಿನ ಮಾತ್ರೆ ಇರಲಿಲ್ಲ ಎಂದು ಬರೆಯಬೇಕು. ನಮ್ಮಂತೆ ಕಾದವರು ಇನ್ನೆಷ್ಟು ಮನೆಯವರಿದ್ದಾರೋ, ಅವರ ಕಾರ್ಡ್‌ಗಳನ್ನೂ ತೆಗೆಸಿ ನೋಡಿ. ಮತ್ತೆ ಹೇಳುತ್ತೇನೆ, ಮಾತ್ರೆ ಮುಗಿಯುವ ಮೊದಲೇ ಮಾತ್ರೆ ಬರಬೇಕು.

ಈ ಶುಕ್ರವಾರ ನುಂಗಿದರೆ ಡಬ್ಬಿಯಲ್ಲಿ ಉಳಿಯುವುದು ನಾಲ್ಕೇ ಬೆಡಾಕ್ವಿಲಿನ್. ಸೋಮವಾರಕ್ಕೆ ಎರಡು, ಬುಧವಾರಕ್ಕೆ ಎರಡು. ಅದರ ಮುಂದಿನ ಶುಕ್ರವಾರಕ್ಕೂ ಅಮ್ಮ ಆಗಲೇ ಬೊಟ್ಟು ಇಟ್ಟಿದ್ದಾರೆ.

ಇಂತಿ,
ಒಬ್ಬ ರೋಗಿಯ ಅಕ್ಕ