ಬೀದರಿನ ಮಣ್ಣು, ಮಾಳಿಗೆ ಮೇಲಿನ ಕಡ್ಲಿ

ಪ್ರೀತಿಯ ದೋಸ್ತ,

ದೀಪಾವಳಿಗೆ ಬಂದಾಗ ಬೀದರಿನಿಂದ ರೈಲಿನಲ್ಲಿ ಒಂದು ಚೀಲ ಕೆಂಪು ಮಣ್ಣು ಹೊತ್ತು ತಂದಿದ್ದೆಯಲ್ಲ, ನೆನಪಿದೆಯಾ? "ಕಲಬುರಗಿಗೆ ಮಣ್ಣು ತರೋ ಹುಚ್ಚ ನಾನೊಬ್ಬನೇ" ಅಂತ ಬೈದುಕೊಂಡೇ ಇಳಿದಿದ್ದೆ. ಆ ಮಣ್ಣಿನ ಕಥೆ ಹೇಳೋಣ ಅಂತಲೇ ಈ ಪತ್ರ.

ಬೇಸಿಗೆಯಲ್ಲಿ ನನ್ನ ಕುಂಡಗಳ ಗತಿ ನೀನೇ ನೋಡಿದ್ದೀಯ. ಮೇ ತಿಂಗಳಲ್ಲಿ 43 ಡಿಗ್ರಿ ದಾಟಿದರೆ ಕುಂಡ ಮುಟ್ಟಿದರೂ ಕೈ ಸುಡುತ್ತದೆ. ತುಳಸಿ ಬಿಟ್ಟು ಎಲ್ಲ ಹೋದವು. ಮಳೆಗಾಲದಲ್ಲಿ ಮತ್ತೆ ಹಚ್ಚಿದೆ. ನಮ್ಮ ಎರೆ ಮಣ್ಣು ನೀರು ಹಿಡಿದುಕೊಂಡು ಬೇರು ಕೊಳೆಸಿತು. ಹೊಲದಲ್ಲಿ ಅದು ಬಂಗಾರ, ಒಪ್ಪುತ್ತೇನೆ. ಕುಂಡದಲ್ಲಿ ಮಾತ್ರ ಒಣಗಿದರೆ ಇಟ್ಟಂಗಿ, ನೆನೆದರೆ ಗೋಂದು. ಮೊಬೈಲಿನಲ್ಲಿ ನೋಡಿದರೆ ಎಲ್ಲರೂ ಮಾರ್ಚಿನಲ್ಲಿ ಬೀಜ ಹಾಕಿ ಅನ್ನುತ್ತಾರೆ. ಯಾವ ಊರಿನ ಲೆಕ್ಕವೋ ಅದು! ನಮ್ಮಲ್ಲಿ ಗಿಡಕ್ಕೂ ಮನುಷ್ಯನಿಗೂ ಜೀವ ಬರುವುದು ಚಳಿ ಬಿದ್ದ ಮೇಲೆಯೇ.

ಈ ಸಲ ಎರಡು ಪಾಲು ನಿನ್ನ ಮಣ್ಣು, ಒಂದು ಪಾಲು ಎರೆ, ಒಂದು ಪಾಲು ತಿಪ್ಪೆ ಗೊಬ್ಬರ ಕಲಸಿದೆ. ಮೆಂತ್ಯೆ ನಾಲ್ಕನೇ ದಿನಕ್ಕೇ ತಲೆ ಎತ್ತಿತು. ಕೊತ್ತಂಬರಿ ಹಟ ಮಾಡಿತು. ಬೀಜ ಇಡಿಯಾಗಿ ಹಾಕಿದ್ದೆ, ಅದೇ ತಪ್ಪು. ಎರಡನೇ ಸಲ ಲಟ್ಟಣಿಗೆಯಿಂದ ಉಜ್ಜಿ, ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಿದೆ. ಹತ್ತು ದಿನಕ್ಕೆ ಬಂತು. ಲಟ್ಟಣಿಗೆ ಸಂಬಂಧ ಮನೆಯಲ್ಲಿ ಆದ ಜಗಳ ಬೇರೆ ಪತ್ರದಲ್ಲಿ ಬರೆಯುತ್ತೇನೆ.

ಆದರೆ ನನ್ನ ತಲೆ ತಿಂದದ್ದು ಕಡ್ಲಿ. ಎರಡು ಎಣ್ಣೆ ಟಿನ್ನಿನಲ್ಲಿ ಹಾಕಿ, ದಿನಾ ಪ್ರೀತಿಯಿಂದ ನೀರು ಹಾಕಿದೆ. ಹಳದಿಯಾಯಿತು. ಕಣ್ಣಿ ಮಾರ್ಕೆಟ್‌ನಲ್ಲಿ ಸೊಪ್ಪು ಮಾರುವ ಒಬ್ಬ ಅಜ್ಜಿಗೆ ಹೇಳಿದೆ. ಆಕೆ ನಕ್ಕುಬಿಟ್ಟಳು. "ಯಪ್ಪಾ, ಕಡ್ಲಿಗಿ ದಿನಾ ನೀರ್ ಹಾಕ್ತಾರೇನು? ಅದು ಇಬ್ಬನಿ ಮ್ಯಾಲೆ ಬೆಳಿಯಾದು. ಸುಮ್ನೆ ಬಿಡ್ರಿ. ಗೇಣುದ್ದ ಆದ್ ಮ್ಯಾಲೆ ಕುಡಿ ಚಿವುಟ್ರಿ."

ಈಗ ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ಒಂದು ಚೆಂಬು. ಕುಡಿ ಚಿವುಟಲು ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ಇಷ್ಟು ಕಷ್ಟಪಟ್ಟು ಬೆಳೆಸಿದ್ದನ್ನು ನಾನೇ ಮುರಿಯಬೇಕಾ? ವಾರ ಬಿಟ್ಟು ನೋಡಿದರೆ ಚಿವುಟಿದ ಕಡೆಯೆಲ್ಲ ಎರಡೆರಡು ಟಿಸಿಲು!

ಬೆಳಗ್ಗೆ ಆರೂವರೆಗೆ ಕಿವಿಗೆ ಮಫ್ಲರ್ ಸುತ್ತಿಕೊಂಡು, ಚಹಾ ಹಿಡಿದು ಮಾಳಿಗೆ ಹತ್ತುತ್ತೇನೆ. ಕಡ್ಲಿ ಎಲೆ ಮೇಲೆ ಸಣ್ಣ ರೋಮ ಇರುತ್ತವಲ್ಲ, ಒಂದೊಂದರ ತುದಿಗೂ ಒಂದು ಹನಿ. ಬೆರಳಾಡಿಸಿ ನಾಲಿಗೆಗೆ ಇಟ್ಟರೆ ಹುಳಿ. ತಕ್ಷಣ ನಿಮ್ಮ ಅಜ್ಜಿ ನೆನಪಾದಳು. ರಾತ್ರಿ ಕಡ್ಲಿ ಹೊಲದ ಮೇಲೆ ಬಿಳಿ ಧೋತರ ಹಾಸಿ, ಬೆಳಗ್ಗೆ ಹಿಂಡಿ, ಆ ಹುಳಿನೀರು ಬಾಟಲಿಗೆ ತುಂಬಿಡುತ್ತಿದ್ದಳು. ಹೊಟ್ಟೆ ನೋವು ಅಂದರೆ ಸಾಕು, ಒಂದು ಚಮಚ. ಶಾಲೆ ತಪ್ಪಿಸಲು ನೀನು ಸುಳ್ಳು ಹೊಟ್ಟೆ ನೋವು ಮಾಡಿಕೊಂಡು ಎಷ್ಟು ಸಲ ಕುಡಿದೆಯೋ! ನಿನ್ನ ಜೊತೆಗೆ ನನಗೂ ಕುಡಿಸುತ್ತಿದ್ದಳು, ಸುಮ್ನೆ.

ನಮ್ಮೂರ ಅಪ್ಪನ ಕೆರೆಗೆ ವಾಕಿಂಗ್ ಹೋಗುವುದು ಈ ಗಡಿಬಿಡಿಯಲ್ಲಿ ನಿಂತೇ ಹೋಗಿದೆ. ಡಾಕ್ಟರಿಗೆ ಹೇಳಬೇಡ.

ನಿನ್ನೆ ಮೊದಲ ಹೂ ಬಿಟ್ಟಿದೆ. ಶೇಂಗಾ ಬೀಜಕ್ಕಿಂತ ಸಣ್ಣದು, ನಸುಗೆಂಪು, ಒಳಗೆ ನೇರಳೆ ಗೆರೆ. ಹೊಲದ ಬದುವಿನಲ್ಲಿ ಹುಟ್ಟಿ ಬೆಳೆದ ನಾನು ಕಡ್ಲಿ ಹೂವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಎಳ್ಳಮಾವಾಸ್ಯೆಗೆ ಇನ್ನು ಎಂಟೇ ದಿನ. ಅಣ್ಣನ ಹೊಲಕ್ಕೆ ಹೋಗುತ್ತೇವೆ. ಸೊಪ್ಪು, ಕಾಳು ಕೂಡಿಸಿ ಬೇಯಿಸುವ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಎಲ್ಲ ಇರುತ್ತದೆ. ಭಜ್ಜಿಗೆ ನನ್ನ ಮಾಳಿಗೆಯ ಮೆಂತ್ಯೆ, ಕೊತ್ತಂಬರಿ, ಒಂದು ಹಿಡಿ ಕಡ್ಲಿ ಸೊಪ್ಪು ಬೀಳಲೇಬೇಕು ಅಂತ ಅತ್ತಿಗೆಗೆ ಈಗಲೇ ಹೇಳಿಟ್ಟಿದ್ದೇನೆ. ಹದಿನೈದು ಜನರ ಭಜ್ಜಿಯಲ್ಲಿ ಒಂದು ಹಿಡಿ ಎಲ್ಲಿ ಕಾಣುತ್ತದೆ ಅಂತ ಆಕೆ ನಕ್ಕಳು. ನಗಲಿ.

ನೀನು, ವೈನಿ, ಮಕ್ಕಳು ಹಿಂದಿನ ದಿನವೇ ಬನ್ನಿ. ಬರುವಾಗ ಇನ್ನೊಂದು ಚೀಲ ಮಣ್ಣು ತಾ. ಈ ಸಲ ಸ್ಟೇಷನ್‌ನಿಂದ ನಾನೇ ಹೊರುತ್ತೇನೆ.

ನಿನ್ನ ದೋಸ್ತ