ಅಂಗಡಿಯ ಚರಿತ್ರೆ ಬರೆಯುತ್ತಿರುವ ಗೆಳೆಯನಿಗೆ

ಪ್ರಿಯ ಗೆಳೆಯಾ,

ನಿಮ್ಮ ಮನೆತನದ ಟ್ರ್ಯಾಕ್ಟರ್ ಡೀಲರ್‌ಶಿಪ್ ಬಗ್ಗೆ ನೀನು ಬರೆದ ಕರಡು ಓದಿದೆ. ಅಜ್ಜ ಶುರು ಮಾಡಿದ್ದು, ಅಪ್ಪ ಬೆಳೆಸಿದ್ದು, ಯಾವ ವರ್ಷ ಯಾವ ಮಾಡೆಲ್ ಬಂತು, ಕಂಪನಿ ಯಾವಾಗ ಪ್ರಶಸ್ತಿ ಕೊಟ್ಟಿತು, ಎಲ್ಲಾ ಇದೆ. ಆದರೆ ಅದು ಕಂಪನಿಯ ಚರಿತ್ರೆ ಕಣೋ, ನಿಮ್ಮದಲ್ಲ. ನೇರವಾಗಿ ಹೇಳಿಬಿಟ್ಟೆ, ಬೇಜಾರಾಗಬೇಡ.

ಯೋಚನೆ ಮಾಡು. ಕಟ್ಟಡ ನಿಮ್ಮದು, ಸಾಲ ನಿಮ್ಮದು, ದುಡಿಮೆ ನಿಮ್ಮದು. ಬೋರ್ಡಿನ ಮೇಲಿನ ಹೆಸರು ಮಾತ್ರ ಬೇರೆಯವರದ್ದು. ಡೀಲರ್‌ಶಿಪ್ ಅನ್ನೋದು ಒಂದು ಒಪ್ಪಂದ ಅಷ್ಟೆ. ಮಗನಿಗೋ ಮಗಳಿಗೋ ಹೋಗಬೇಕು ಅಂದರೆ ಕಂಪನಿ ಒಪ್ಪಬೇಕು. ಜಮೀನಿನ ಹಾಗೆ ಪಾಲು ಮಾಡಿಕೊಂಡು ಕೂರುವಂತಿಲ್ಲ. ಹಾಗಿದ್ದರೆ ಅಜ್ಜನಿಂದ ನಿನ್ನವರೆಗೆ ಕೈಬದಲಾಗಿ ಬಂದದ್ದೇನು? ನೀನು ಬರೆಯಬೇಕಾದ್ದು ಅದನ್ನು.

ಈ ವ್ಯಾಪಾರ ಶುರುವಾದದ್ದು ಕುಲುಮೆಯಲ್ಲಿ. 1837ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಗ್ರ್ಯಾಂಡ್ ಡಿಟೂರ್ ಎಂಬ ಹಳ್ಳಿಯಲ್ಲಿ ಜಾನ್ ಡೀರ್ ಉಕ್ಕಿನ ನೇಗಿಲು ಮಾಡಿದಾಗ ಆತ ಬರೀ ಕಮ್ಮಾರ. ಮಾಡೋದೂ ಅವನೇ, ಮಾರೋದೂ ಅವನೇ, ಮುರಿದರೆ ಸರಿ ಮಾಡೋದೂ ಅವನೇ. ಇತ್ತ ಸೈರಸ್ ಮೆಕಾರ್ಮಿಕ್ ತನ್ನ ಕೊಯ್ಲು ಯಂತ್ರಕ್ಕೆ 1834ರಲ್ಲಿ ಪೇಟೆಂಟ್ ಪಡೆದು, 1847ರಲ್ಲಿ ಶಿಕಾಗೋದಲ್ಲಿ ಕಾರ್ಖಾನೆ ಹಾಕಿದ. ಕಾರ್ಖಾನೆ ಒಂದು ಕಡೆ, ಹೊಲ ನೂರಾರು ಮೈಲಿ ದೂರ. ಯಂತ್ರವೋ ದುಬಾರಿ, ರೈತನ ಕೈಗೆ ದುಡ್ಡು ಬರೋದು ಸುಗ್ಗಿ ಮುಗಿದ ಮೇಲೆ. ಅದಕ್ಕೆ ಆತ ಒಂದಿಷ್ಟು ಮುಂಗಡ ತಗೊಂಡು, ಉಳಿದದ್ದನ್ನು ಬೆಳೆ ಬಂದ ಮೇಲೆ ಕೊಡಿ ಅಂದ. ಜೊತೆಗೆ ಬರೆದು ಕೊಟ್ಟ ಗ್ಯಾರಂಟಿ ಬೇರೆ. ಇದನ್ನೆಲ್ಲ ರೈತನ ಬಾಗಿಲಿಗೆ ತಲುಪಿಸೋಕೆ ಊರೂರಲ್ಲಿ ಏಜೆಂಟರು ಬೇಕಾದರು. ಕಬ್ಬಿಣದ ಅಂಗಡಿಯವನೋ, ಕಮ್ಮಾರನೋ ಆ ಕೆಲಸಕ್ಕೆ ನಿಂತ. ಯಾರು ಸಾಲ ತೀರಿಸ್ತಾರೆ, ಯಾರು ಸತಾಯಿಸ್ತಾರೆ ಅನ್ನೋದು ಅವನಿಗೆ ಗೊತ್ತಿತ್ತಲ್ಲ! ನನ್ನ ಪ್ರಕಾರ ಡೀಲರ್ ಮೊಟ್ಟಮೊದಲು ಮಾರಿದ್ದು ಯಂತ್ರವನ್ನಲ್ಲ, ಊರಿನ ಪರಿಚಯವನ್ನು. ಕೊಂಡದ್ದು ಕಂಪನಿ.

ಆಮೇಲಿನ ಕಥೆಯಲ್ಲಿ ದೊಡ್ಡವರು ಮಾಡಿದ ತೀರ್ಮಾನಕ್ಕೆ ಡೀಲರ್ ಮನೆಗಳು ಅಲ್ಲಾಡಿದ್ದೇ ಜಾಸ್ತಿ. 1902ರಲ್ಲಿ ಮೆಕಾರ್ಮಿಕ್, ಡೀರಿಂಗ್ ಮತ್ತು ಇನ್ನೂ ಮೂರು ಕಂಪನಿ ಸೇರಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಆಯಿತು. ಮೇಲೆ ಮಾಲೀಕ ಒಬ್ಬನೇ, ಕೆಳಗೆ ಅದೇ ಊರಿನ ಮೆಕಾರ್ಮಿಕ್ ಅಂಗಡಿ, ಡೀರಿಂಗ್ ಅಂಗಡಿಗಳ ಮಧ್ಯೆ ಹಳೇ ಪೈಪೋಟಿ ಹಾಗೇ ಇತ್ತು. ಏಕಸ್ವಾಮ್ಯದ ವಿರುದ್ಧ ಸರ್ಕಾರ 1912ರಲ್ಲಿ ಕೋರ್ಟಿಗೆ ಹೋಯಿತು. 1918ರ ರಾಜಿಯಲ್ಲಿ ಕಂಪನಿ ಒಂದು ಷರತ್ತಿಗೆ ಒಪ್ಪಿತು: ಒಂದೂರಿಗೆ ಒಬ್ಬನೇ ಡೀಲರ್. ಹೊಸಬರಿಗೂ ಜಾಗ ಸಿಗಲಿ ಅನ್ನೋದು ಉದ್ದೇಶ. ಸರಿಯಾದ್ದೇ. ಆದರೆ ಆ ಇಬ್ಬರಲ್ಲಿ ಒಬ್ಬನ ಬೋರ್ಡ್ ಕೆಳಗಿಳಿಯಲೇಬೇಕಿತ್ತು.

1922ರ ಜನವರಿಯಲ್ಲಿ ಹೆನ್ರಿ ಫೋರ್ಡ್ ತನ್ನ ಫೋರ್ಡ್‌ಸನ್ ಟ್ರ್ಯಾಕ್ಟರ್ ಬೆಲೆಯನ್ನು 625 ಡಾಲರಿಂದ 395ಕ್ಕೆ ಇಳಿಸಿದ. ಹಾರ್ವೆಸ್ಟರ್ ತಾನೂ ಬೆಲೆ ಇಳಿಸಿ, ಟ್ರ್ಯಾಕ್ಟರ್ ಜೊತೆ ನೇಗಿಲನ್ನು ಪುಕ್ಕಟೆ ಕೊಟ್ಟಿತು. ರೈತರಿಗೆ ಹಬ್ಬ. ಹಳೇ ದರಕ್ಕೆ ಮಾಲು ತರಿಸಿ ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದ ಡೀಲರ್ ಗತಿ? ನಿನಗೆ ನಾನು ಹೇಳಬೇಕಾ.

ನನಗೆ ಎಲ್ಲಕ್ಕಿಂತ ಕಾಡೋದು ಫರ್ಗುಸನ್ ಕಥೆ. ಟ್ರ್ಯಾಕ್ಟರ್ ಹಿಂದೆ ಮೂರು ಕಡೆ ಕೊಂಡಿ ಹಾಕಿ ನೇಗಿಲು ಕಟ್ಟಿ, ಹೈಡ್ರಾಲಿಕ್ಸ್‌ನಿಂದ ಎತ್ತಿ ಇಳಿಸೋ ವ್ಯವಸ್ಥೆ ಇದೆಯಲ್ಲ, ಅದನ್ನು ರೂಪಿಸಿದ್ದು ಹ್ಯಾರಿ ಫರ್ಗುಸನ್. 1938ರಲ್ಲಿ ಆತ ಮತ್ತು ಹೆನ್ರಿ ಫೋರ್ಡ್ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಕಾಗದ ಪತ್ರ ಏನೂ ಇಲ್ಲ. ಫೋರ್ಡ್ ತಯಾರಿಸೋದು, ಫರ್ಗುಸನ್ ಕಡೆಯವರು ಮಾರೋದು. ಮರುವರ್ಷ ಬಂದ 9ಎನ್ ಟ್ರ್ಯಾಕ್ಟರ್ ಚೆನ್ನಾಗಿ ಓಡಿತು. ಫೋರ್ಡ್ ಕಂಪನಿ ಮೊಮ್ಮಗನ ಕೈಗೆ ಬಂದ ಮೇಲೆ, 1947ರಲ್ಲಿ, ಆ ಸಂಬಂಧ ಮುರಿಯಿತು. ಫೋರ್ಡ್ ಟ್ರ್ಯಾಕ್ಟರ್ ಮಾರೋಕೆ ಬೇರೆಯದೇ ಸಂಸ್ಥೆ ಬಂತು. ಫರ್ಗುಸನ್ ಕೋರ್ಟಿಗೆ ಹೋಗಿ 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾದ. ಆತ ಬದುಕಿಕೊಂಡ ಬಿಡು. ಅವನನ್ನು ನಂಬಿ ಅಂಗಡಿ ಇಟ್ಟವರು ಮಾರೋಕೆ ಟ್ರ್ಯಾಕ್ಟರ್ ಇಲ್ಲದೆ ನಿಂತರು. ಯಾವ ಕಡೆ ಹೋಗೋದು ಅಂತ ಅವರೇ ಆರಿಸಿಕೊಳ್ಳಬೇಕಾಯಿತು.

ಬಡ್ಡಿಯ ಕಾಲವನ್ನೂ ಮರೀಬೇಡ. ಅಂಗಳದಲ್ಲಿ ನಿಂತ ಗಾಡಿಗಳು ಡೀಲರದ್ದು ಅಂತ ಜನ ತಿಳಿದಿರ್ತಾರೆ. ಎಷ್ಟೋ ಸಲ ಅವೆಲ್ಲ ಸಾಲದ ಮೇಲೆ ನಿಂತಿರುತ್ತವೆ. ಮಾರಿದರೆ ಸಾಲ ತೀರುತ್ತೆ, ಮಾರದಿದ್ದರೆ ಬಡ್ಡಿ ಓಡ್ತಾ ಇರುತ್ತೆ. 1980ರ ಕೊನೆಗೆ ಅಮೆರಿಕದಲ್ಲಿ ಬ್ಯಾಂಕ್ ಬಡ್ಡಿ ಶೇಕಡಾ 20 ದಾಟಿತ್ತು. ರೈತರು ಕೊಳ್ಳೋದು ನಿಲ್ಲಿಸಿದರು. ಕೊನೆಗೆ ಹಾರ್ವೆಸ್ಟರ್‌ನಂಥ ಕಂಪನಿಯೇ ಕೃಷಿ ಯಂತ್ರಗಳ ವಿಭಾಗವನ್ನು ಮಾರಿಕೊಂಡಿತು. 1985ರಲ್ಲಿ ಆ ವಿಭಾಗ ಕೇಸ್ ಎಂಬ ಇನ್ನೊಂದು ಟ್ರ್ಯಾಕ್ಟರ್ ಕಂಪನಿಯ ಜೊತೆ ಸೇರಿತು. ಮತ್ತೆ ಅದೇ ಪಾಡು. ಕೇಸ್ ಡೀಲರ್, ಹಾರ್ವೆಸ್ಟರ್ ಡೀಲರ್ ಇಬ್ಬರೂ ಇದ್ದ ಊರುಗಳಲ್ಲಿ ಒಬ್ಬ ಜಾಸ್ತಿಯಾದ.

ನಿನ್ನ ಕರಡಿನಲ್ಲಿ ಇದ್ಯಾವುದರ ಸದ್ದೂ ಇಲ್ಲ. ಒಂದು ಸಲವಾದರೂ ನಿಮ್ಮ ಕಂಪನಿ ಕೈಬಿಡೋ ಮಾತಾಡಿರಬೇಕು, ಇಲ್ಲಾ ನಿಮ್ಮಪ್ಪ ಬೇರೆ ಬ್ರ್ಯಾಂಡ್ ಕಡೆ ನೋಡಿರಬೇಕು. ಅದನ್ನು ಕೇಳು. ಎಕ್ಸ್‌ಚೇಂಜ್‌ಗೆ ಬಂದ ಹಳೇ ಗಾಡಿಗೆ ಜಾಸ್ತಿ ಬೆಲೆ ಕಟ್ಟಿ ಕೈ ಸುಟ್ಟುಕೊಂಡ ವರ್ಷ ಯಾವುದು ಅಂತ ಕೇಳು. ಬಿಡಿಭಾಗಗಳ ಕೋಣೆಗೆ ಹೋಗು. ಮಾಡೆಲ್ ನಿಂತು ಎಷ್ಟೋ ವರ್ಷವಾದರೂ ಅದರ ಬೇರಿಂಗು, ಕ್ಲಚ್ ಪ್ಲೇಟು ಇನ್ನೂ ಕಪಾಟಿನಲ್ಲಿದ್ದರೆ, ಯಾರಿಗೋಸ್ಕರ ಇಟ್ಟಿದ್ದೀರಿ ಅಂತ ವಿಚಾರಿಸು. ಗಾಡಿ ಮಾರಿದ ಲಾಭ ಒಂದು ಸಲದ್ದು. ಅಂಗಡಿಯ ಒಲೆ ಉರಿಸೋದು ಬಿಡಿಭಾಗ, ರಿಪೇರಿ. ಈಗಂತೂ ಯಂತ್ರದೊಳಗೆ ಸಾಫ್ಟ್‌ವೇರ್ ಕೂತಿದೆ. ಅದನ್ನು ರಿಪೇರಿ ಮಾಡೋ ಹಕ್ಕು ಯಾರದ್ದು, ಕಂಪನಿ-ಡೀಲರದ್ದೋ ರೈತನದ್ದೋ ಅಂತ ಜಗಳ ನಡೀತಿದೆ. ಕೊಲರಾಡೊ ರಾಜ್ಯ 2023ರಲ್ಲಿ ರೈತರ ಪರವಾಗಿ ಕಾನೂನು ಮಾಡಿತು. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗ ಇದೇ ವಿಷಯಕ್ಕೆ ಜಾನ್ ಡೀರ್ ಕಂಪನಿಯ ಮೇಲೆ ದಾವೆ ಹೂಡಿತು. ನಾನು ರೈತರ ಕಡೆ. ನೀನು ಡೀಲರ್ ಮಗ, ನಿನ್ನ ಮಾತು ಬೇರೆ ಇರಬಹುದು. ಅದನ್ನೂ ಅಡಗಿಸದೆ ಬರಿ.

ಇನ್ನೊಂದು. ಇಡೀ ಕರಡಿನಲ್ಲಿ ನಿಮ್ಮ ಅಜ್ಜಿ ಒಂದು ಕಡೆಯೂ ಇಲ್ಲ. ಅಜ್ಜ ಹೊಲದ ಹತ್ತಿರ ಹೋಗಿ ಇಂಜಿನ್ ಬಿಚ್ತಾ ಇದ್ದರೆ ಅಂಗಡಿಯಲ್ಲಿ ಕೂತು ಉದ್ರಿ ಪುಸ್ತಕ ಬರೆದವರು ಯಾರು? ಆ ಪುಸ್ತಕ ಸಿಕ್ಕರೆ ಯಾರ ಕೈಬರಹ ಅಂತ ನೋಡು. ಹಳೇ ಮೆಕ್ಯಾನಿಕ್ ಯಾರಾದರೂ ಬದುಕಿದ್ದರೆ ಮೊದಲು ಅವರನ್ನು ಮಾತಾಡಿಸು. ಫೋಟೋ ಆಲ್ಬಂ ಆಮೇಲೆ ನೋಡಿದರಾಯಿತು.

ತಿದ್ದಿದಷ್ಟನ್ನೇ ಕಳಿಸು, ಪೂರ್ತಿ ಆಗಲಿ ಅಂತ ಕಾಯಬೇಡ. ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ